ಸೈಲೆನ್ಸರ್ ಪೈಪು ಮುರಕಲ್ಲಿಗೆ ತಾಗಿ ನೆಗ್ಗಿದೆಯೇ? ಹೊಸ ಸೆಟ್ ತರುವ ಮೊದಲು ಓದಿ

ಅಡಿಕೆ ತೋಟಕ್ಕೆ ಇಳಿಯುವ ಜೀಪಿನ ದಾರಿ ನೋಡಿದ್ದೀರಲ್ವಾ? ಚಕ್ರ ಹೋಗಿ ಹೋಗಿ ಎರಡೂ ಬದಿ ಗುಂಡಿ, ನಡುವೆ ಕತ್ತೆ ಬೆನ್ನಿನ ಹಾಗೆ ದಿಣ್ಣೆ. ಮಳೆಗೆ ಮಣ್ಣು ತೊಳೆದುಹೋದರೆ ಆ ದಿಣ್ಣೆಯಲ್ಲಿ ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ಹಲ್ಲು ಕಿಸಿಯುತ್ತದೆ. ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಅಡೂರು, ಎತ್ತ ಹೋದರೂ ಇದೇ ಕಥೆ. ಕಳೆದ ವರ್ಷ ಮಳೆ ಮುಗಿಯುವ ಹೊತ್ತಿಗೆ ಹಟ್ಟಿಗೊಬ್ಬರ ತುಂಬಿಕೊಂಡು ಇಳಿಯುವಾಗ ನಮ್ಮ ಹಳೆ ಡೀಸೆಲ್ ಜೀಪು ಒಮ್ಮೆ ಜಾರಿತು. ಅಡಿಯಿಂದ ಟಣ್ ಎಂದಿತು. ಬಗ್ಗಿ ನೋಡಿದರೆ ಸೈಲೆನ್ಸರಿನ ಮುಂದಿನ ಪೈಪು ಚಪ್ಪಟೆ. ಪೇಟೆಯ ಒಂದು ವರ್ಕ್‌ಶಾಪಿನವರು ಟಾರ್ಚ್ ಕೂಡ ಹಾಕದೆ "ಪೂರ್ತಿ ಸೆಟ್ ಬದಲಿಸಿ" ಎಂದುಬಿಟ್ಟರು. ನಾನು ಬದಲಿಸಲಿಲ್ಲ. ಒಂದು ಗ್ಯಾಸ್ ಟಾರ್ಚ್, ಎರಡು ವಾಷರ್, ಅರ್ಧ ದಿನದಲ್ಲಿ ಕೆಲಸ ಮುಗಿಯಿತು.

ಮೊದಲು ನೋಡಿ, ಆಮೇಲೆ ಸುತ್ತಿಗೆ

ಎಲ್ಲ ನೆಗ್ಗನ್ನೂ ಸರಿಮಾಡಬೇಕಿಲ್ಲ. 50 ಮಿ.ಮೀ. ಪೈಪು ಚಪ್ಪಟೆಯಾಗಿ ಎತ್ತರ ಕಾಲು ಭಾಗ ಕಡಿಮೆಯಾಯಿತು ಎನ್ನಿ. ಹೊಗೆ ಹೋಗುವ ಜಾಗ ಕಡಿಮೆಯಾಗುವುದು ಶೇ 8ರಷ್ಟು ಮಾತ್ರ. ಅದನ್ನು ಸುಮ್ನೆ ಬಿಡಿ. ಅರ್ಧಕ್ಕೆ ಚಪ್ಪಟೆಯಾದರೆ ಸುಮಾರು ಶೇ 30 ಹೋಯಿತು. ಒಂದು ಬದಿ ಮಾತ್ರ ಒಳಕ್ಕೆ ಕುಸಿದು ನಡುವಿನವರೆಗೆ ಗುಳಿ ಬಿದ್ದಿದ್ದರೆ ಹತ್ತಿರ ಹತ್ತಿರ ಅರ್ಧ ದಾರಿಯೇ ಬಂದ್. ಆಗ ಲೋಡು ಹಾಕಿ ಏರು ಹತ್ತುವಾಗ ಇಂಜಿನ್ ಉಸಿರು ಕಟ್ಟಿದ ಹಾಗೆ ಮಾಡುತ್ತದೆ. ಕಪ್ಪು ಹೊಗೆ ಬರುತ್ತದೆ, ಎಳೆತ ಇರುವುದಿಲ್ಲ. ಇದನ್ನು ಬಿಡುವ ಹಾಗಿಲ್ಲ. ಬಿರುಕು ಬಿಟ್ಟಿದ್ದರಂತೂ ಎಷ್ಟು ಚಿಕ್ಕದಾದರೂ ಬಿಡಬಾರದು. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಳೆಗೆಂದು ಟಾರ್ಪಾಲು ಇಳಿಸಿದ ಜೀಪಿನೊಳಗೆ ಅದು ಸೇರಿಕೊಂಡರೆ ಗೊತ್ತೇ ಆಗುವುದಿಲ್ಲ.

ಪೈಪು ಕೆಳಗೆ ಜೋತಿದ್ದಾದರೂ ಯಾಕೆ ಎಂದೂ ನೋಡಿ. ಇದನ್ನು ಜಾಸ್ತಿ ಜನ ಮರೆಯುತ್ತಾರೆ. ನಮ್ಮ ಜೀಪಿನಲ್ಲಿ ಪೈಪನ್ನು ತೂಗುಹಾಕುವ ಹಿಂದಿನ ಹ್ಯಾಂಗರ್ ರಬ್ಬರ್ ಹರಿದು ವರ್ಷವಾಗಿತ್ತು, ಅಲ್ಲಿ ತಂತಿ ಕಟ್ಟಿದ್ದೆವು. ತಂತಿ ಸಡಿಲಾಗಿ ಪೈಪು ಎರಡು ಬೆರಳು ಕೆಳಗೆ ಬಂದಿತ್ತು. ಕಲ್ಲಿನ ತಪ್ಪು ಅರ್ಧ, ನಮ್ಮದು ಅರ್ಧ. ಸ್ಪ್ರಿಂಗ್ ಪಟ್ಟಿ ಕುಸಿದಿದ್ದರೂ, ಇಂಜಿನ್ ಮೌಂಟಿಂಗ್ ಹೋಗಿದ್ದರೂ ಹೀಗೇ ಆಗುತ್ತದೆ.

ಇನ್ನೊಂದು ಮಾತು. 2020ರ ಏಪ್ರಿಲ್ ನಂತರ ಬಂದ ಬಿಎಸ್-6 (ಹೊಗೆ ಮಿತಿಯ ಹೊಸ ನಿಯಮದ) ಗಾಡಿಯಾದರೆ ಪೈಪಿನ ದಾರಿಯಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಸೆನ್ಸರ್, ಡೀಸೆಲ್ ಆದರೆ ಸಾಮಾನ್ಯವಾಗಿ ಹೊಗೆ ಸೋಸುವ ಫಿಲ್ಟರ್ ಎಲ್ಲ ಇರುತ್ತವೆ. ಕನ್ವರ್ಟರ್, ಫಿಲ್ಟರಿನ ಒಳಗಿರುವುದು ಸಾಮಾನ್ಯವಾಗಿ ಜೇನುಗೂಡಿನಂಥ ಪಿಂಗಾಣಿ. ಆ ಡಬ್ಬಿಗೆ ಸುತ್ತಿಗೆ ಹಾಕಬೇಡಿ. ಇಲ್ಲಿ ಹೇಳುವುದೆಲ್ಲ ಬರೀ ಪೈಪಿನ ಭಾಗಕ್ಕೆ.

ಬಿಚ್ಚುವುದು

ಹಿಂದಿನ ರಾತ್ರಿಯೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರಬೇಕು. ಮಳೆಗಾಲದ ನೆಲಕ್ಕೆ ಜಾಕ್ ಇಟ್ಟರೆ ಹೂತುಹೋಗುತ್ತದೆ, ಅಡಿಗೆ ದಪ್ಪ ಹಲಗೆ ಕೊಡಿ. ಚಕ್ರಕ್ಕೆ ಕಲ್ಲು ಕೊಡಿ. ಜಾಕ್ ಮೇಲೆ ಮಾತ್ರ ನಿಂತ ಗಾಡಿಯಡಿಗೆ ಹೋಗಬೇಡಿ, ಸ್ಟ್ಯಾಂಡ್ ಇಟ್ಟೇ ಹೋಗಿ. ಮುರಕಲ್ಲು ಪೇರಿಸಿ ಸ್ಟ್ಯಾಂಡ್ ಮಾಡುವವರನ್ನು ಕಂಡಿದ್ದೇನೆ. ಅದು ಮೆತ್ತಗಿನ ಕಲ್ಲು ಮಾರಾಯ್ರೇ, ಭಾರಕ್ಕೆ ಒಡೆಯುತ್ತದೆ.

ರಬ್ಬರ್ ಹ್ಯಾಂಗರಿಗೆ ಸೋಪು ನೀರು ಸವರಿದರೆ ಕೈಯಲ್ಲೇ ಜಾರಿ ಬರುತ್ತದೆ. ಮಧ್ಯದ ಜಾಯಿಂಟಿನ ಬೋಲ್ಟು ತುಂಡಾದರೆ ತಲೆಬಿಸಿ ಬೇಡ, ಹೊಸದು ಹಾಕಬಹುದು. ಇಂಜಿನ್ ಪಕ್ಕದ ಮ್ಯಾನಿಫೋಲ್ಡಿನ (ಇಂಜಿನಿನ ಹೊಗೆ ಪೈಪಿಗೆ ಸೇರುವ ಭಾಗದ) ಸ್ಟಡ್ ತುಂಡಾದರೆ ಮಾತ್ರ ದೊಡ್ಡ ಕೆಲಸ. ಅಲ್ಲಿ ಬಲ ಹಾಕಬೇಡಿ. ಸ್ವಲ್ಪ ತಿರುಗಿಸಿ, ಸ್ವಲ್ಪ ಹಿಂದಕ್ಕೆ ಬಿಡಿ, ಮತ್ತೆ ತಿರುಗಿಸಿ.

ನೆಗ್ಗು ಎತ್ತುವುದು

ಪೈಪಿಗೆ ನೀರು ತುಂಬಿಸಿ ಫ್ರೀಜರಿನಲ್ಲಿಟ್ಟರೆ ನೆಗ್ಗು ತಾನೇ ಎದ್ದು ಬರುತ್ತದೆ ಎನ್ನುವವರಿದ್ದಾರೆ. ನೀರು ಮಂಜಾಗುವಾಗ ಶೇ 9ರಷ್ಟು ಹಿಗ್ಗುವುದು ನಿಜ. ಆದರೆ ಅದು ಹಿಗ್ಗುವುದು ಎಲ್ಲಿ ಸುಲಭವೋ ಅಲ್ಲಿಗೆ. ತುಕ್ಕು ಹಿಡಿದ ಹೊಲಿಗೆ ಇದ್ದರೆ ಮೊದಲು ಅದೇ ಬಾಯಿ ಬಿಡುತ್ತದೆ. ಅಲ್ಲದೆ ಜೀಪಿನ ಪೈಪು ಹಿಡಿಯುವ ಫ್ರಿಜ್ಜು ಯಾರ ಮನೆಯಲ್ಲಿದೆ? ಎರಡು ಬಾಯಿಗೂ ಬಿರಡೆ ಹಾಕಿ ಗಾಳಿ ತುಂಬಿಸಿ ಕಾಯಿಸುವ ಉಪಾಯವೂ ಉಂಟು. ಟೂ ಸ್ಟ್ರೋಕ್ ಬೈಕಿನ ಹೊಟ್ಟೆ ಉಬ್ಬಿದ ಸೈಲೆನ್ಸರಿಗೆ ಹಾಗೆ ಮಾಡುತ್ತಾರೆ. ಬಿರಡೆ ಹಾರಿದರೆ ಗುಂಡಿನ ಹಾಗೆ ಬರುತ್ತದೆ. ಮನೆಯಂಗಳದಲ್ಲಿ ಬೇಡ.

ನೆಗ್ಗು ಪೈಪಿನ ತುದಿಗೆ ಹತ್ತಿರ ಇದ್ದರೆ ಸುಲಭ. ಒಳಗಿನ ಅಳತೆಗಿಂತ ಕೂದಲೆಳೆ ಕಡಿಮೆ ದಪ್ಪದ, ಮೂತಿ ಚೂಪಾದ ಕಬ್ಬಿಣದ ಗುಂಡನ್ನು ಲೇತಿನವರಿಂದ ಮಾಡಿಸಿ. ಪೈಪು ಕಾಯಿಸಿ, ಸರಳಿನಿಂದ ಅದನ್ನು ಒಳಗೆ ತಳ್ಳಿ ಬಡಿದರೆ ನೆಗ್ಗು ದಾರಿ ಬಿಡುತ್ತದೆ.

ನಮ್ಮದು ನಡುವೆ ಇತ್ತು, ಬಾಗಿನ ಪಕ್ಕ. ಗುಂಡು ಅಲ್ಲಿಗೆ ಹೋಗುವುದಿಲ್ಲ. ಹಾಗಾಗಿ ಹೊರಗಿನಿಂದ ಎಳೆಯಬೇಕಾಯಿತು. ಗೇಟು ಗ್ರಿಲ್ ಮಾಡುವ ಅಂಗಡಿಯಲ್ಲಿ ಇಷ್ಟು ಕೆಲಸ ಮಾಡಿಕೊಡುತ್ತಾರೆ. ಮೊದಲು ನೆಗ್ಗಿನ ಮೇಲಿನ ತುಕ್ಕು, ಬಣ್ಣ ಉಜ್ಜಿ ತೆಗೆಯಿರಿ. ಗುಳಿಯ ಉದ್ದಕ್ಕೆ ಎರಡು ದಪ್ಪ ವಾಷರ್‌ಗಳನ್ನು ಅಂಚಿನ ಮೇಲೆ ನಿಲ್ಲಿಸಿ ವೆಲ್ಡ್ ಮಾಡಿಸಿ. ತೂತುಗಳೊಳಗೆ ಒಂದು ಸರಳು ತೂರಿಸಿದರೆ ಹಿಡಿ ಸಿಕ್ಕಿತು. ಪೈಪನ್ನು ವೈಸಿಗೆ ಕಚ್ಚಿಸಿ, ನೆಗ್ಗಿನ ಸುತ್ತ ಮಂದ ಕೆಂಪಾಗುವವರೆಗೆ ಗ್ಯಾಸ್ ಟಾರ್ಚಿನಿಂದ ಕಾಯಿಸಿ. ಹೆಚ್ಚು ಕಾಯಿಸಿದರೆ ತಗಡು ಬೆಲ್ಲದ ಪಾಕದ ಹಾಗೆ ಕರಗಿ ತೂತಾಗುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಗುಳಿ ಬೀಳುವಾಗ ಅದರ ಅಂಚಿನಲ್ಲಿ ಏಣು ಎದ್ದಿರುತ್ತದೆ. ಆ ಏಣು ಗಟ್ಟಿಯಾಗಿ ನಿಂತಿರುವಾಗ ನಡುವನ್ನು ಎಷ್ಟು ಎಳೆದರೂ ಬರುವುದಿಲ್ಲ, ವಾಷರ್ ಕಿತ್ತು ಬರುತ್ತದೆ. ನನಗೆ ಮೊದಲ ವಾಷರ್ ಹಾಗೆಯೇ ಕೈಗೆ ಬಂತು. ಒಬ್ಬರು ಸರಳು ಹಿಡಿದು ಬಿಗಿಯಾಗಿ ಎಳೆಯುತ್ತಿರಬೇಕು, ಇನ್ನೊಬ್ಬರು ಚಿಕ್ಕ ಸುತ್ತಿಗೆಯಲ್ಲಿ ಏಣನ್ನು ಸುತ್ತಲೂ ಮೆತ್ತಗೆ ತಟ್ಟುತ್ತಾ ಬರಬೇಕು. ಏಣು ಇಳಿದ ಹಾಗೆ ಗುಳಿ ತಾನಾಗಿ ಏಳುತ್ತದೆ. ಕೆಂಪು ಆರಿದರೆ ನಿಲ್ಲಿಸಿ, ಮತ್ತೆ ಕಾಯಿಸಿ. ನಾಲ್ಕೈದು ಸಲ ಹೀಗೆ. ನೀರು ಹಾಕಿ ತಣಿಸಬೇಡಿ. ಪೂರ್ತಿ ಗುಂಡಗೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಮುಕ್ಕಾಲು ಬಂದರೆ ಸಾಕು. ಆಮೇಲೆ ವಾಷರ್ ಕತ್ತರಿಸಿ, ಆ ಜಾಗ ಗ್ರೈಂಡ್ ಮಾಡಿ.

ಚಪ್ಪಟೆ ಮಡಚಿಕೊಂಡಿದ್ದರೆ, ಅಥವಾ ತುಕ್ಕು ತಿಂದು ತಗಡು ತೆಳ್ಳಗಾಗಿದ್ದರೆ ಇಷ್ಟು ಕಷ್ಟ ದಂಡ. ಆ ತುಂಡನ್ನೇ ಕತ್ತರಿಸಿ ಅಷ್ಟೇ ಅಳತೆಯ ಪೈಪು ಸೇರಿಸಿ, ಜಾಯಿಂಟಿನ ಮೇಲೆ ಬಿಗಿಯಾಗಿ ಕೂರುವ ತೋಳು (ಸ್ಲೀವ್) ಹಾಕಿಸಿ. ಎರಡೂ ಬದಿಗೆ ಒಂದೂವರೆ ಇಂಚಾದರೂ ಹೊದ್ದಿರಲಿ. ಮೊದಲು ಪೈಪನ್ನು ಗಾಡಿಗೆ ಕೂರಿಸಿ ನಾಲ್ಕು ಕಡೆ ಚುಕ್ಕಿ ವೆಲ್ಡ್ ಮಾಡಿಸಿ, ಆಮೇಲೆ ಬಿಚ್ಚಿ ಸುತ್ತ ವೆಲ್ಡ್ ಮಾಡಿಸಿ. ಬೆಂಚಿನ ಮೇಲೆ ಕಣ್ಣಳತೆಯಲ್ಲಿ ಮಾಡಿದ ಪೈಪು ಗಾಡಿಯಡಿಗೆ ಹೋದ ಮೇಲೆ ಸೊಟ್ಟ ಎಂದು ಗೊತ್ತಾಗುತ್ತದೆ.

ಗಾಡಿಯ ಮೇಲೆಯೇ ವೆಲ್ಡ್ ಮಾಡುವಾಗ ಬ್ಯಾಟರಿಯ ನೆಗೆಟಿವ್ ವಯರು ತೆಗೆದಿಡಿ. ಬ್ರೇಕ್ ಪೈಪು, ಡೀಸೆಲ್ ಪೈಪಿಗೆ ಒದ್ದೆ ಗೋಣಿ ಹೊದಿಸಿ. ಅಡಿಯಲ್ಲಿ ಸೋಗೆ, ತರಗೆಲೆ ಇದ್ದರೆ ಗುಡಿಸಿ.

ಇನ್ನೊಂದು, ಇದು ನಮ್ಮೂರಿನವರಿಗೇ. ಪಂಪಿನ ಹಳೆ ಜಿಐ ಪೈಪಿನ ತುಂಡು ಎಲ್ಲರ ಕೊಟ್ಟಿಗೆಯಲ್ಲೂ ಬಿದ್ದಿರುತ್ತದೆ. "ಇದನ್ನೇ ಹಾಕಿದರಾಯಿತು" ಎಂದು ಆಸೆಯಾಗುತ್ತದೆ. ಹಾಕಬೇಡಿ. ಅದರ ಮೇಲಿರುವುದು ಸತುವಿನ ಲೇಪ. ಬೆಂಕಿಗೆ ಸಿಕ್ಕಿದರೆ ಬಿಳಿ ಹೊಗೆ ಏಳುತ್ತದೆ. ಅದನ್ನು ಉಸಿರಾಡಿದವರಿಗೆ ಆ ರಾತ್ರಿ ಚಳಿಜ್ವರ ಬರಬಹುದು.

ಮತ್ತೆ ಕೂರಿಸುವುದು

ಹಳೆ ಗ್ಯಾಸ್ಕೆಟ್ ಮತ್ತೆ ಹಾಕಬೇಡಿ. ಹ್ಯಾಂಗರ್ ರಬ್ಬರ್ ಹೊಸದೇ ಹಾಕಿ, ಇನ್ನು ತಂತಿ ಕಟ್ಟುವುದು ಬೇಡ. ಎಲ್ಲ ಬೋಲ್ಟನ್ನೂ ಮೊದಲು ಸಡಿಲವಾಗಿ ಹಾಕಿ. ಪೈಪಿಗೂ ಚಾಸಿಗೂ, ಪೈಪಿಗೂ ಪ್ರೊಪೆಲ್ಲರ್ ಶಾಫ್ಟಿಗೂ ನಡುವೆ ಎರಡು ಬೆರಳು ಜಾಗ ಇದೆಯೇ ನೋಡಿ. ಆಮೇಲೆ ಇಂಜಿನ್ ಕಡೆಯಿಂದ ಬಿಗಿಯುತ್ತಾ ಹಿಂದಕ್ಕೆ ಬನ್ನಿ. ಕಾದ ಜಾಗದ ಲೇಪ ಸುಟ್ಟುಹೋಗಿರುತ್ತದೆ. ಅಲ್ಲಿಗೆ ಶಾಖ ತಡೆಯುವ ಬಣ್ಣ ಹೊಡೆಯಿರಿ, ಅಷ್ಟೇ.

ಲೀಕ್ ಹಿಡಿಯುವುದು ಹೀಗೆ. ಪೈಪು ಬಿಸಿಯಾಗುವ ಮೊದಲೇ, ಬಯಲಿನಲ್ಲಿ, ಇಂಜಿನ್ ಸ್ಟಾರ್ಟ್ ಮಾಡಿ. ದಪ್ಪ ಬಟ್ಟೆಯಿಂದ ಹಿಂದಿನ ಬಾಯನ್ನು ಅರ್ಧ ಒತ್ತಿ ಹಿಡಿಯಲು ಒಬ್ಬರಿಗೆ ಹೇಳಿ, ನೀವು ಜಾಯಿಂಟುಗಳಿಗೆ ಸೋಪು ನೀರು ಹಚ್ಚಿ. ಗುಳ್ಳೆ ಎದ್ದ ಕಡೆ ಕೆಲಸ ಬಾಕಿ ಇದೆ. ಮೊದಲ ದಿನ ಹೊಸ ಬಣ್ಣ ಸುಡುವ ವಾಸನೆ ಬರುತ್ತದೆ, ಹೆದರಬೇಡಿ. ನೂರು ಕಿಲೋಮೀಟರು ಓಡಿದ ಮೇಲೆ ತಣ್ಣಗಿರುವಾಗ ಎಲ್ಲ ನಟ್ಟಿಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ. ನಮ್ಮದರಲ್ಲಿ ಎರಡು ಸಡಿಲಾಗಿದ್ದವು. ಆ ದಿಣ್ಣೆಯ ಕಲ್ಲನ್ನೂ ಅದೇ ದಿನ ಪಿಕ್ಕಾಸಿನಲ್ಲಿ ಕಡಿದು ತೆಗೆದೆವು.