ದಿನಸಿ ಅಂಗಡಿಯ ಆ್ಯಪ್‌ಗೆ ಬಾರ್‌ಕೋಡ್ ಸೇರಿಸಿದ್ದು

ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ದಿನಸಿ ಅಂಗಡಿಯ ಬಿಲ್ಲಿಂಗ್ ಆ್ಯಪ್. ಆಂಡ್ರಾಯ್ಡ್, ಬರೆದದ್ದು ಕೋಟ್ಲಿನ್ ಭಾಷೆಯಲ್ಲಿ. ಬಿಸ್ಕತ್ತು ಪೊಟ್ಟಣದ ಬಾರ್‌ಕೋಡ್ ಸಂಖ್ಯೆ ಪರದೆಯ ಮೇಲೆ ಮೂಡುವುದಕ್ಕೆ ಅರ್ಧ ದಿನ ಸಾಕಾಯಿತು. ಗಲ್ಲಾದಲ್ಲಿ ಕೂತವರು ಅದನ್ನು ನಂಬಿ ಬಿಲ್ಲು ಹಾಕುವಂತಾಗಲು ಮೂರು ವಾರ ಹಿಡಿಯಿತು.

ಕೋಡ್ ಓದುವ ಕೆಲಸಕ್ಕೆ ಎಂಎಲ್ ಕಿಟ್, ಕ್ಯಾಮೆರಾಕ್ಕೆ ಕ್ಯಾಮೆರಾಎಕ್ಸ್; ಎರಡೂ ಗೂಗಲ್‌ನ ಸಿದ್ಧ ಲೈಬ್ರರಿಗಳು. ಎಂಎಲ್ ಕಿಟ್ ಎರಡು ಬಗೆಯಲ್ಲಿ ಸಿಗುತ್ತದೆ: ಕೋಡ್ ಗುರುತಿಸುವ ಮಾಡೆಲ್ ಆ್ಯಪ್‌ನ ಒಳಗೇ ಇರುವುದು, ಫೋನಿನಲ್ಲಿರುವ ಗೂಗಲ್ ಪ್ಲೇ ಸರ್ವಿಸಸ್ ಮೂಲಕ ಆಮೇಲೆ ಇಳಿಯುವುದು. ಮೊದಲನೆಯದರಿಂದ ಆ್ಯಪ್ ಸುಮಾರು 2.4 ಎಂಬಿ ದಪ್ಪವಾಗುತ್ತದೆ, ಎರಡನೆಯದರಿಂದ 200 ಕೆಬಿ ಮಾತ್ರ. ನಾನು ದಪ್ಪದ್ದನ್ನೇ ಹಾಕಿದೆ. ಮಳೆಗಾಲದಲ್ಲಿ ಕರೆಂಟಿನ ಜೊತೆ ನೆಟ್‌ವರ್ಕೂ ಹೋಗುವ ಊರಿನಲ್ಲಿ ಹೊಸ ಫೋನಿಗೆ ಆ್ಯಪ್ ಹಾಕಿದ ದಿನವೇ 'ಮಾಡೆಲ್ ಇನ್ನೂ ಇಳಿದಿಲ್ಲ' ಎಂದರೆ ಗಿರಾಕಿ ಕಾಯುವುದಿಲ್ಲ. ಕ್ಯಾಮೆರಾ ಅನುಮತಿಯೇ ಬೇಡದ ಗೂಗಲ್ ಕೋಡ್ ಸ್ಕ್ಯಾನರ್ ಕೂಡ ಇದೆ. ಆದರೆ ಅದು ಒಂದು ಕೋಡ್ ಓದಿ ತನ್ನ ಪರದೆ ಮುಚ್ಚಿಕೊಳ್ಳುತ್ತದೆ. ಇಪ್ಪತ್ತು ಸಾಮಾನಿನ ಬಿಲ್ಲಿಗೆ ಅದು ಹೊಂದುವುದಿಲ್ಲ.

ಮೊದಲ ದಿನವೇ ಕಾಡುವ ತೊಂದರೆ: ಒಂದೇ ಒಂದು ಸಲ ಓದುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಪರದೆಯ ಮೇಲೆ ಚಿತ್ರ ಓಡುತ್ತಲೇ ಇರುವುದರಿಂದ ತಪ್ಪು ಎಲ್ಲಿ ಎಂದು ಬೇಗ ಹೊಳೆಯುವುದಿಲ್ಲ. ಕ್ಯಾಮೆರಾಎಕ್ಸ್ ಒಂದೊಂದು ಫ್ರೇಮನ್ನೂ (ಚಿತ್ರವನ್ನೂ) ಇಮೇಜ್‌ಪ್ರಾಕ್ಸಿ ಎಂಬ ಹೊದಿಕೆಯಲ್ಲಿ ಕೊಡುತ್ತದೆ; ಅದನ್ನು ಕ್ಲೋಸ್ ಮಾಡದಿದ್ದರೆ ಮುಂದಿನ ಫ್ರೇಮ್ ಬರುವುದಿಲ್ಲ. ಕ್ಲೋಸ್ ಮಾಡುವ ಸಾಲನ್ನು ಓದು ಗೆದ್ದಾಗ ಮಾತ್ರ ಓಡುವ ಸಕ್ಸೆಸ್ ಲಿಸನರ್‌ನಲ್ಲಿ ಇಟ್ಟರೆ ಸಾಲದು, ಓದಲು ಸೋತ ಫ್ರೇಮ್ ಅಲ್ಲೇ ಉಳಿದುಬಿಡುತ್ತದೆ. ಓದು ಶುರುಮಾಡುವ ಪ್ರೊಸೆಸ್ ಎಂಬ ಫಂಕ್ಷನ್ ಕರೆದ ಮರುಸಾಲಿನಲ್ಲೇ ಇಟ್ಟರೂ ತಪ್ಪು: ಓದುತ್ತಿರುವಾಗಲೇ ಚಿತ್ರವನ್ನು ಕಿತ್ತುಕೊಂಡಂತೆ. ಅದರ ಜಾಗ, ಗೆದ್ದರೂ ಸೋತರೂ ಕೊನೆಗೆ ಓಡುವ ಕಂಪ್ಲೀಟ್ ಲಿಸನರ್.

ಎರಡನೆಯದು ರೆಸಲ್ಯೂಷನ್. ಕ್ಯಾಮೆರಾಎಕ್ಸ್ ತಾನಾಗಿ ವಿಶ್ಲೇಷಣೆಗೆ ಕೊಡುವುದು 640×480 ಪಿಕ್ಸೆಲ್‌ನ ಚಿತ್ರ. ಅಂಗಡಿ ಸಾಮಾನಿನ ಮೇಲಿರುವ 13 ಅಂಕೆಯ ಇಎಎನ್-13 ಕೋಡ್‌ನ ಅಗಲ 95 ಘಟಕ (ತೀರಾ ತೆಳ್ಳಗಿನ ಗೆರೆ ಒಂದು ಘಟಕ). ತೀರಾ ತೆಳ್ಳಗಿನ ಗೆರೆಗೂ 2 ಪಿಕ್ಸೆಲ್ ಬೇಕೆಂದರೆ ಚಿತ್ರದಲ್ಲಿ ಕೋಡ್ ಕನಿಷ್ಠ 190 ಪಿಕ್ಸೆಲ್ ಅಗಲ ಇರಬೇಕು. ಅಂಗೈ ಅಳತೆಯ ಪೊಟ್ಟಣಕ್ಕೆ ಇದು ಸಿಗುತ್ತದೆ, ಸಣ್ಣ ಸೋಪಿನ ಅಂಚಿನ ಕೋಡ್‌ಗೆ ಸಿಗುವುದಿಲ್ಲ. ಫೋನನ್ನು ಹತ್ತಿರ ಒಯ್ದರೆ ಫೋಕಸ್ ತಪ್ಪುತ್ತದೆ. 1280×720ಕ್ಕೆ ಏರಿಸಿದ ಮೇಲೆ ಒಂದು ಗೇಣು ದೂರದಿಂದ ಓದತೊಡಗಿತು. 1920×1080ರಲ್ಲಿ ಅಗ್ಗದ ಫೋನು ಬಿಸಿಯಾಗಿ ನಿಧಾನವಾಯಿತು, ಮತ್ತೆ ಇಳಿಸಿದೆ.

ಎಲ್ಲ ಬಗೆಯ ಕೋಡ್ ಓದಲು ಬಿಡಬೇಡಿ. ಇಎಎನ್-13, 8 ಅಂಕೆಯ ಇಎಎನ್-8, ಅಮೆರಿಕದ ಕಡೆಯ ಯುಪಿಸಿ-ಎ, ಅಕ್ಷರಗಳನ್ನೂ ಹಿಡಿಯುವ ಕೋಡ್ 128 ಇಷ್ಟು ಸಾಕು. ರಟ್ಟಿನ ಪೆಟ್ಟಿಗೆಗಳ ಮೇಲಿರುವ ಐಟಿಎಫ್ ಬಗೆಯನ್ನೂ ಓದಲು ಬಿಟ್ಟರೆ ಅರ್ಧ ಕೋಡ್ ಕಂಡರೂ ಅದನ್ನೇ ಪೂರ್ತಿ ಎಂದು ಓದಿ ಕೊಡುತ್ತದೆ. ಇಎಎನ್‌ಗೆ ಕೊನೆಯ ಅಂಕೆಯ ಕಾವಲು ಇದೆ: ಉಳಿದ ಅಂಕೆಗಳ ಲೆಕ್ಕಕ್ಕೆ ಅದನ್ನು ಸೇರಿಸಿದರೆ ಹತ್ತರಿಂದ ಭಾಗವಾಗಬೇಕು. 890123456789 ಎಂಬ 12 ಅಂಕೆಗಳಲ್ಲಿ ಬೆಸ ಸ್ಥಾನದವುಗಳ ಮೊತ್ತ 28; ಸಮ ಸ್ಥಾನದವು 34, ಅದರ ಮೂರು ಪಟ್ಟು 102. ಒಟ್ಟು 130, ಹತ್ತರಿಂದ ಭಾಗವಾಗುತ್ತದೆ, ಹಾಗಾಗಿ ಕೊನೆಯ ಅಂಕೆ 0. ಕೋಡ್ ಹರಿದಾಗ ಕೈಯಲ್ಲಿ ಟೈಪ್ ಮಾಡುವ ಪೆಟ್ಟಿಗೆಗೂ ಇದೇ ಲೆಕ್ಕ ಹಾಕಿ. ಬೆರಳು ತಪ್ಪುವುದು ಕ್ಯಾಮೆರಾಗಿಂತ ಹೆಚ್ಚು. ಇಷ್ಟಿದ್ದರೂ ಒಂದೇ ಸಂಖ್ಯೆ ಸಾಲಾಗಿ ಮೂರು ಫ್ರೇಮ್‌ಗಳಲ್ಲಿ ಬಂದರೆ ಮಾತ್ರ ಒಪ್ಪುತ್ತೇನೆ, ಒಪ್ಪಿದ ಮೇಲೆ ಅದೇ ಸಂಖ್ಯೆಗೆ 1.5 ಸೆಕೆಂಡ್ ಬಾಗಿಲು ಮುಚ್ಚುತ್ತೇನೆ. ಇಲ್ಲವಾದರೆ ಒಂದು ಟೂತ್‌ಪೇಸ್ಟ್ ಬಿಲ್ಲಿನಲ್ಲಿ ಏಳಾಗುತ್ತದೆ.

ಸಂಖ್ಯೆಯನ್ನು ಡೇಟಾಬೇಸ್‌ನಲ್ಲಿ ಪಠ್ಯವಾಗಿಯೇ ಇಡಿ. ಇಂಟಿಜರ್ (ಪೂರ್ಣಾಂಕ) ಮಾಡಿದರೆ ಎಡತುದಿಯ ಸೊನ್ನೆ ಹಾರಿಹೋಗುತ್ತದೆ. 12 ಅಂಕೆಯ ಯುಪಿಸಿ-ಎ ಬಂದರೆ ಎಡತುದಿಗೆ ಸೊನ್ನೆ ಸೇರಿಸಿ 13 ಮಾಡಿ. ಐಫೋನ್ ಹಾಗೆಯೇ ಕೊಡುತ್ತದೆ, ಮುಂದೆ ಐಫೋನ್ ಆವೃತ್ತಿ ಮಾಡುವಾಗ ತಲೆನೋವು ತಪ್ಪುತ್ತದೆ.

ನಿಜವಾದ ಕಷ್ಟ ಅಂಗಡಿಯಲ್ಲೇ ಚೀಟಿ ಅಂಟಿಸುವ ಸಾಮಾನಿನದ್ದು. ಹಲಸಿನ ಹಪ್ಪಳ, ಬಾಳ್ಕದ ಮೆಣಸು, ಗಾಣದ ತೆಂಗಿನೆಣ್ಣೆ ಇವಕ್ಕೆ ಕಂಪನಿ ಕೋಡ್ ಇಲ್ಲ. 890ರಿಂದ ಶುರುವಾಗುವ ಸಂಖ್ಯೆಯನ್ನು ಮನಸ್ಸಿಗೆ ಬಂದಂತೆ ಹೊಸೆಯಬಾರದು, ಅದು ಬಾರ್‌ಕೋಡ್ ಸಂಖ್ಯೆ ಹಂಚುವ ಸಂಸ್ಥೆ ಜಿಎಸ್1 ಇಂಡಿಯಾ ಕೊಡುವಂಥದ್ದು. ಅಂಗಡಿಯೊಳಗಿನ ಬಳಕೆಗೆ, ಮೊದಲ ಎರಡು ಅಂಕೆ 20ರಿಂದ 29ರ ತನಕ ಇರುವ ಸಾಲು ಇದೆ. ಮುದ್ರಣದಲ್ಲಿ ಒಂದು ಲೆಕ್ಕವಿದೆ. 203 ಡಿಪಿಐ (ಇಂಚಿಗೆ 203 ಚುಕ್ಕೆ) ಪ್ರಿಂಟರ್‌ನ ಒಂದು ಚುಕ್ಕೆ 0.125 ಮಿ.ಮೀ. ಇಎಎನ್-13ರ ತೆಳು ಗೆರೆಗೆ ಕನಿಷ್ಠ ಅಳತೆ 0.264 ಮಿ.ಮೀ. ಎರಡು ಚುಕ್ಕೆ ಹಾಕಿದರೆ 0.25, ಕಡಿಮೆಯಾಯಿತು, ಮೂರು ಹಾಕಿದರೆ 0.375. ಎರಡೂ ಬದಿಯ ಖಾಲಿ ಜಾಗ ಸೇರಿ 113 ಘಟಕ, ಅಂದರೆ 42.4 ಮಿ.ಮೀ. ಪೇಟೆಯಲ್ಲಿ ಸಿಗುವ 38 ಮಿ.ಮೀ. ಚೀಟಿಯಲ್ಲಿ ಅದು ಹಿಡಿಯುವುದಿಲ್ಲ. ಒತ್ತಿ ಹಿಡಿಸಲು ಹೋದರೆ ಬದಿಯ ಬಿಳಿ ಜಾಗ ಹೋಗಿ ಓದುವುದೇ ನಿಲ್ಲುತ್ತದೆ. 50 ಮಿ.ಮೀ. ಚೀಟಿಗೆ ಬದಲಾಯಿಸಿದೆ. ಎಣ್ಣೆ ಬಾಟಲಿಯ ಮೇಲೆ ಸಾದಾ ಥರ್ಮಲ್ ಚೀಟಿ ಅಂಟಿಸಿದರೆ ಎಣ್ಣೆಕೈ ತಾಗಿದಲ್ಲೆಲ್ಲ ಅಕ್ಷರ ಮಾಸುತ್ತದೆ, ಅಲ್ಲಿ ರಿಬ್ಬನ್ ಹಾಕಿ ಮುದ್ರಿಸಬೇಕು. ಕೋಡ್‌ನೊಳಗೆ ಕನ್ನಡ ತುರುಕಲು ಹೋಗಬೇಡಿ. ಕೋಡ್ 128ರಲ್ಲಿ ಆಸ್ಕಿ ಅಕ್ಷರಗಳಷ್ಟೇ (ಇಂಗ್ಲಿಷ್ ಅಕ್ಷರ, ಅಂಕೆ, ಚಿಹ್ನೆ). ಕೋಡ್‌ನಲ್ಲಿ ಬರಿ ಸಂಖ್ಯೆ ಇರಲಿ. 'ಹಪ್ಪಳ' ಎಂದು ಕನ್ನಡದಲ್ಲಿಯೋ ಮಲಯಾಳದಲ್ಲಿಯೋ ತೋರಿಸುವ ಕೆಲಸ ಡೇಟಾಬೇಸ್‌ನದ್ದು.

ತಕ್ಕಡಿಯ ಚೀಟಿಯಲ್ಲಿ ತೂಕವೂ ಕೋಡ್‌ನೊಳಗೇ ಇರುತ್ತದೆ. ಈ ಅಂಗಡಿಯ ತಕ್ಕಡಿಯಲ್ಲಿ 2100017007509 ಅಂದರೆ: 21 ಗುರುತು, 00017 ಸಾಮಾನು, 00750 ಗ್ರಾಂ, 9 ಕಾವಲು ಅಂಕೆ. ಪೂರ್ತಿ ಸಂಖ್ಯೆಯನ್ನು ಹುಡುಕಿದರೆ ಎಂದೂ ಸಿಗುವುದಿಲ್ಲ, ಸಾಮಾನಿನ ಐದು ಅಂಕೆಗಳನ್ನು ಮಾತ್ರ ಹುಡುಕಬೇಕು. ಕೆಲವು ತಕ್ಕಡಿ ತೂಕದ ಬದಲು ಬೆಲೆ ಹಾಕುತ್ತದೆ, ಸೆಟ್ಟಿಂಗ್ ನೋಡಿಕೊಳ್ಳಿ.

ಬೆಳಕು, ಅನುಮತಿ ಎರಡೂ ಸಣ್ಣ ವಿಷಯ. ಟಾರ್ಚ್ ಬಟನ್ ಕೊಡಿ, ತಾನಾಗಿ ಉರಿಸಬೇಡಿ. ಹೊಳೆಯುವ ಪ್ಲಾಸ್ಟಿಕ್ ಕವರಿನ ಮೇಲೆ ಬೆಳಕು ಬಿದ್ದರೆ ಗೆರೆಗಳೇ ಮಾಯ. ಆಂಡ್ರಾಯ್ಡ್ 11ರಿಂದ ಈಚೆಗೆ ಎರಡು ಸಲ 'ಬೇಡ' ಒತ್ತಿದರೆ ಅನುಮತಿಯ ಪ್ರಶ್ನೆ ಮತ್ತೆ ಬರುವುದಿಲ್ಲ, ನೇರ ಸೆಟ್ಟಿಂಗ್ಸ್‌ಗೆ ಕರೆದೊಯ್ಯುವ ದಾರಿ ಇಟ್ಟಿರಬೇಕು.

ಇನ್ನೊಂದು, ಕಂಪನಿಯ ಬಾರ್‌ಕೋಡ್‌ನಲ್ಲಿ ಬೆಲೆ ಇಲ್ಲ. ಹಳೆ ಸ್ಟಾಕಿನ ಸೋಪಿಗೂ ಹೊಸ ಸ್ಟಾಕಿನದಕ್ಕೂ ಒಂದೇ ಕೋಡ್, ಎಂಆರ್‌ಪಿ ಬೇರೆ. ಕೋಡ್ ಒಂದಕ್ಕೆ ಬೆಲೆ ಒಂದು ಎಂದು ಟೇಬಲ್ ಕಟ್ಟಿದ್ದನ್ನು ಒಡೆದು ಮತ್ತೆ ಕಟ್ಟಬೇಕಾಯಿತು. ಈಗ ಎರಡು ಎಂಆರ್‌ಪಿ ಇದ್ದರೆ ಆ್ಯಪ್ ಎರಡನ್ನೂ ದೊಡ್ಡ ಬಟನ್ ಮಾಡಿ ತೋರಿಸುತ್ತದೆ. ಪೊಟ್ಟಣ ತಿರುಗಿಸಿ ನೋಡಿ ಒತ್ತುವುದು ಗಲ್ಲಾದವರ ಕೆಲಸ.