ಮೊದಲು ಕುರ್ಚಿ ಜೋಡಿಸಿ, ಆಮೇಲೆ ಕೋಲು ಹಿಡಿಯಿರಿ

ಆರ್ಕೆಸ್ಟ್ರಾ ಎಂದರೆ ನಮ್ಮಲ್ಲಿ ಗಣೇಶೋತ್ಸವದ ಪೆಂಡಾಲಿನಲ್ಲಿ ಸಿನಿಮಾ ಹಾಡು ಹಾಡುವ ತಂಡ. ಕಂಡಕ್ಟರ್ ಎಂದರೆ ಬಸ್ಸಿನಲ್ಲಿ ಟಿಕೆಟ್ ಕೊಡುವವರು. ಎರಡನ್ನೂ ಸೇರಿಸಿ, ನಾನು ಪಾಶ್ಚಾತ್ಯ ಸಂಗೀತದ ಆರ್ಕೆಸ್ಟ್ರಾ ಕಂಡಕ್ಟರ್, ಎಂದರೆ ವಾದಕರ ಎದುರು ನಿಂತು ಕೋಲಿನಿಂದ ತಾಳ ತೋರಿಸಿ ನುಡಿಸುವವಳು ಎಂದು ಹೇಳಿದಾಗ ನಮ್ಮ ಸೋದರತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಸಂಬಳ ಯಾರು ಕೊಡುತ್ತಾರೆ?"

ಪಿಟೀಲು ಕಲಿಯಲು ಬರುವ ಮಕ್ಕಳ ತಂದೆತಾಯಿಯರು ಕೊಡುತ್ತಾರೆ. ಬೆಂಗಳೂರಿನಲ್ಲಿ ಕೋಲು ಆಡಿಸಿಯೇ ಮನೆ ನಡೆಸುತ್ತೇನೆ ಎಂದು ಈ ದಾರಿಗೆ ಇಳಿಯಬೇಡಿ. ವಾದಕರನ್ನು ನೀವೇ ಬೆಳೆಸಿಕೊಂಡರೆ ಮಾತ್ರ ಎದುರಿಗೆ ನಿಲ್ಲಲು ಒಂದು ತಂಡ ಇರುತ್ತದೆ.

ಒಂದು ವಾದ್ಯವನ್ನು ಗಟ್ಟಿಯಾಗಿ ಕಲಿಯಿರಿ. 1987ರಲ್ಲಿ ಆರಂಭವಾದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್‌ನಂಥ ಶಾಲೆಗಳಿವೆ, ಮನೆಪಾಠ ಹೇಳುವವರೂ ಇದ್ದಾರೆ. ಪಾಶ್ಚಾತ್ಯ ಸಂಗೀತದ ಪರೀಕ್ಷಾ ಮಂಡಳಿಗಳಾದ ಟ್ರಿನಿಟಿಯಾಗಲಿ ಎಬಿಆರ್‌ಎಸ್‌ಎಂ ಆಗಲಿ, ಎಂಟು ಗ್ರೇಡ್‌ಗಳನ್ನು ಮುಗಿಸಿ. ಥಿಯರಿಯನ್ನು ಪರೀಕ್ಷೆಯ ಹಿಂದಿನ ವಾರಕ್ಕೆ ಬಿಡಬೇಡಿ. ನಂತರ ಯಾವುದಾದರೂ ತಂಡದಲ್ಲಿ ಕುಳಿತು ನುಡಿಸಿ. ಹೆಸರಾಂತ ಕಂಡಕ್ಟರ್ ಜುಬಿನ್ ಮೆಹ್ತಾ ಕೂಡ ವಿಯೆನ್ನಾದಲ್ಲಿ ಡಬಲ್ ಬಾಸ್ ಎಂಬ ದೊಡ್ಡ ತಂತಿವಾದ್ಯ ಕಲಿತವರು. ನಾನು ಎರಡನೇ ಪಿಟೀಲಿನ ಕೊನೆಯ ಸಾಲಿನಲ್ಲಿ ಒಂಬತ್ತು ವರ್ಷ ಕುಳಿತಿದ್ದೆ. ಕಂಡಕ್ಟರರ ಕೈ ಅಲ್ಲಿಗೆ ಎಷ್ಟು ಮಸುಕಾಗಿ ಕಾಣುತ್ತದೆ ಎಂಬುದು ಮುಂದೆ ನಿಂತವರಿಗೆ ಗೊತ್ತೇ ಆಗುವುದಿಲ್ಲ.

ಸ್ಕೋರ್, ಎಂದರೆ ಎಲ್ಲ ವಾದ್ಯಗಳ ಸ್ವರಗಳನ್ನೂ ಒಟ್ಟಿಗೆ ಬರೆದ ಪುಸ್ತಕ, ಓದುವ ಅಭ್ಯಾಸ ದಿನವೂ ನಡೆಯಲಿ. ಒಂದೊಂದು ವಾದ್ಯದ ಸಾಲನ್ನೂ ಬಾಯಲ್ಲಿ ಹಾಡಿಕೊಳ್ಳಿ. ಕ್ಲಾರಿನೆಟ್ ಮತ್ತು ಹಾರ್ನ್ ಮೊದಮೊದಲು ತಲೆ ಕೆಡಿಸುತ್ತವೆ. ಬಿ ಫ್ಲ್ಯಾಟ್ ಕ್ಲಾರಿನೆಟ್ಟಿನ ಹಾಳೆಯಲ್ಲಿ ಡಿ ಎಂದಿದ್ದರೆ ಕಿವಿಗೆ ಬೀಳುವುದು ಸಿ. ಕರ್ನಾಟಕ ಸಂಗೀತ ಕಲಿತವರಿಗೆ ಇದು ಬೇಗ ಹಿಡಿಸುತ್ತದೆ: ಬರೆಯುವ ಸ್ವರ ಅದೇ, ಶ್ರುತಿ ಬೇರೆ.

ಇನ್ನು ಕೈ. ಆದಿತಾಳ ಹಾಕುವಾಗ ತೊಡೆಯ ಮೇಲೆ ಕೈ ಬಿದ್ದರೆ ಸದ್ದು ಬರುತ್ತದೆ, ಹಾಡು ಆ ಸದ್ದಿಗೆ ಅಂಟಿಕೊಳ್ಳುತ್ತದೆ. ಹಿಂದೆ ಫ್ರಾನ್ಸಿನಲ್ಲಿಯೂ ಉದ್ದನೆಯ ಕೋಲಿನಿಂದ ನೆಲ ಕುಟ್ಟಿ ತಾಳ ಕೊಡುತ್ತಿದ್ದರು. ಲುಲ್ಲಿ ಎಂಬ ಸಂಗೀತಗಾರ ಹಾಗೆ ಕುಟ್ಟುವಾಗ ತನ್ನ ಕಾಲಿಗೇ ಹೊಡೆದುಕೊಂಡು, ಗಾಯ ಕೊಳೆತು 1687ರಲ್ಲಿ ತೀರಿಕೊಂಡ. ಈಗಿನ ಕೋಲು ಹಗುರ, ಬೀಳುವುದು ಗಾಳಿಯ ಮೇಲೆ. ಸದ್ದೇ ಇಲ್ಲದ ಹೊಡೆತಕ್ಕೆ ನಲವತ್ತು ಜನ ಒಟ್ಟಿಗೆ ಸೇರಬೇಕಾದರೆ, ಹೊಡೆತಕ್ಕೆ ಮುಂಚೆ ಕೈ ಮೇಲೆದ್ದ ರೀತಿಯಲ್ಲಿಯೇ ವೇಗವೂ ಬಲವೂ ತಿಳಿಯಬೇಕು. ಬೀತೋವನ್‌ನ ಐದನೇ ಸಿಂಫನಿಯಲ್ಲಿ ಎತ್ತುಗಡೆ ಸಮದ ಮೇಲಿಲ್ಲ. ಸಮದ ಮೇಲೆ ಚಿಕ್ಕದೊಂದು ಮೌನ, ಆಮೇಲೆ ಸ್ವರ. ಮೊದಲ ಸಲ ನಾನು ಅದನ್ನು ಹಿಡಿದಾಗ ಕೈ ಬೀಸಿದೆ, ಚೆಲ್ಲೋ ಎಂಬ ದೊಡ್ಡ ಪಿಟೀಲಿನಂಥ ವಾದ್ಯದವರು ಒಂದು ಕಡೆ ಹೊರಟರು, ಪಿಟೀಲಿನವರು ಹೊರಡಲೇ ಇಲ್ಲ. ಮುಂದಿನ ಸಾಲಿನ ಹನ್ನೊಂದು ವರ್ಷದ ಹುಡುಗ, "ಮಿಸ್, ನೀವು ಉಸಿರೇ ತೆಗೆದುಕೊಳ್ಳಲಿಲ್ಲ" ಎಂದ. ಅವನು ಹೇಳಿದ್ದು ಸರಿ. ಕೈ ಮೇಲೇಳುವಾಗ ಅದೇ ಲಯದಲ್ಲಿ ಉಸಿರೆಳೆದುಕೊಳ್ಳಿ, ಎದುರಿನವರೂ ತಮಗೆ ತಿಳಿಯದೆಯೇ ಎಳೆದುಕೊಳ್ಳುತ್ತಾರೆ.

ಇದಕ್ಕೊಂದು ಪರೀಕ್ಷೆ ಇದೆ. ವಾದ್ಯ ನುಡಿಸುವ ಇಬ್ಬರು ಗೆಳೆಯರನ್ನು ಕೂರಿಸಿ. ಒಂದು, ಎರಡು, ಮೂರು ಎಂದು ಎಣಿಸದೆ ಉಸಿರು ಮತ್ತು ಕೈಯಿಂದಲೇ ಹೊರಡಿಸಿ. ಮೊಬೈಲಿನಲ್ಲಿ ಚಿತ್ರೀಕರಿಸಿ, ಸದ್ದು ಅಡಗಿಸಿ ನೋಡಿ. ವೇಗ ನಿಮಗೇ ತಿಳಿಯದಿದ್ದರೆ ಅವರಿಗೆ ಹೇಗೆ ತಿಳಿಯಬೇಕು?

ತಂಡಕ್ಕೆ ಮೊದಲ ಕೃತಿಯಾಗಿ ತಂತಿವಾದ್ಯಗಳು ಮಾತ್ರ ಇರುವುದನ್ನು ಆರಿಸಿ. ಮೊಜಾರ್ಟ್ 1787ರಲ್ಲಿ ಬರೆದ 'ಐನ ಕ್ಲೈನ ನಾಖ್ಟ್‌ಮೂಸಿಕ್' ಸುಲಭವಲ್ಲ, ಆದರೆ ಮಕ್ಕಳಿಗೆ ರಾಗ ಮೊದಲೇ ಕಿವಿಯಲ್ಲಿರುತ್ತದೆ. ನಮ್ಮಲ್ಲಿ ಪಿಟೀಲಿಗೆ ಬರವಿಲ್ಲ, ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾ ನುಡಿಸುವವರು ಮಾತ್ರ ಸಿಗುವುದಿಲ್ಲ. ಉದ್ದ ಕೈಯ ಹುಡುಗಿಯೊಬ್ಬಳನ್ನು ಒಪ್ಪಿಸಿ, ಆರು ತಿಂಗಳು ಕಾಯಿರಿ. ಅಲ್ಲಿಯವರೆಗೆ ಆ ಸಾಲನ್ನು ಮೂರನೇ ಪಿಟೀಲಿಗೆ ಬರೆದುಕೊಡಿ, ತೀರ ಕೆಳಗಿನ ಸ್ವರಗಳನ್ನು ಒಂದು ಸ್ಥಾಯಿ ಮೇಲೇರಿಸಿ. ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನದಲ್ಲಿ ನಿಲ್ಲುವ ಆಸೆ ಇರಲಿ, ಸದ್ಯಕ್ಕೆ ಶಾಲೆಯ ಸಭಾಂಗಣ ಸಾಕು.

ನಮ್ಮ ತಾಲೀಮು ಜಯನಗರದಲ್ಲಿ, ಪ್ರತಿ ಶನಿವಾರ ಒಂದೂವರೆ ಗಂಟೆ. ಅರ್ಧ ಗಂಟೆ ಮುಂಚೆ ಹೋಗಿ ಕುರ್ಚಿಗಳನ್ನು ನಾನೇ ಹಾಕುತ್ತೇನೆ, ಕೊನೆಯ ಕುರ್ಚಿಯಲ್ಲಿ ಕುಳಿತು ನನ್ನ ಜಾಗ ಕಾಣುತ್ತದೆಯೇ ಎಂದು ನೋಡುತ್ತೇನೆ. ತಪ್ಪಾದಾಗಲೆಲ್ಲ ನಿಲ್ಲಿಸಬೇಡಿ. ನಿಲ್ಲಿಸಿದರೆ ಭಾಷಣ ಬೇಡ: "ಚೆಲ್ಲೋ, ಹದಿನೇಳನೇ ಬಾರ್, ಇನ್ನೂ ಮೆತ್ತಗೆ" ಎಂದು ಹೇಳಿ, ಮತ್ತೆ ಕೈ ಎತ್ತಿ. ಪ್ರತಿ ಸ್ಟ್ಯಾಂಡಿಗೂ ಒಂದು ಪೆನ್ಸಿಲ್ ಇರಲಿ. ಜೊತೆಗೆ ಬಟ್ಟೆ ಒಣಗಿಸುವ ಕ್ಲಿಪ್ಪುಗಳು, ಏಕೆಂದರೆ ಫ್ಯಾನ್ ಹಾಕಿದರೆ ಹಾಳೆ ಹಾರುತ್ತದೆ, ಆರಿಸಿದರೆ ಮಕ್ಕಳು ಬೆವರುತ್ತಾರೆ. ಒಂದು ಡಜನ್ ಸಾಲುವುದಿಲ್ಲ, ಮೂರು ತನ್ನಿ. ಅರ್ಧದಷ್ಟು ಪಿಟೀಲಿನ ಪೆಟ್ಟಿಗೆಗಳಲ್ಲಿ ಮನೆಗೆ ಹೋಗಿಬಿಡುತ್ತವೆ.