ಸ್ಪ್ರೇಯರಿನ ಸ್ವಿಚ್ಚು ಪದೇ ಪದೇ ಸುಡುತ್ತದೆಯೇ? ಮಾಸ್ಫೆಟ್ ಹಾಕುವ ಕ್ರಮ

ಮೇ ತಿಂಗಳ ಕೊನೆಗೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ನನ್ನ ರಿಪೇರಿ ಅಂಗಡಿಯ ಜಗಲಿಯಲ್ಲಿ ಬೆನ್ನಿಗೆ ಹಾಕುವ ಬ್ಯಾಟರಿ ಸ್ಪ್ರೇಯರುಗಳು ಸಾಲಾಗಿ ಕೂತಿರುತ್ತವೆ. ಪೆರ್ಲ, ನೀರ್ಚಾಲು, ಮುಳ್ಳೇರಿಯ ಕಡೆಯವರು ಸ್ಕೂಟರಿನ ಮುಂದೆ ಇಟ್ಟುಕೊಂಡು ತರುತ್ತಾರೆ. ಮಳೆ ಹಿಡಿಯುವ ಮೊದಲು ಒಳ್ಳೆಮೆಣಸಿನ ಬಳ್ಳಿಗೆ, ಅಡಿಕೆ ಸಸಿಗಳಿಗೆ ಒಂದು ಸಲ ಮದ್ದು ಬಿಟ್ಟಾಗಬೇಕು ಎಂಬ ಅವಸರ ಎಲ್ಲರಿಗೂ. ಹೆಚ್ಚಿನವುಗಳಲ್ಲಿ ಪಂಪು ಸರಿ ಇರುತ್ತದೆ, ಬ್ಯಾಟರಿಯೂ ಸರಿ ಇರುತ್ತದೆ. ಹೋದದ್ದು ಸ್ವಿಚ್ಚು ಮಾತ್ರ.

ಎರಡು ವರ್ಷದ ಹಿಂದೆ ಪಳ್ಳತ್ತಡ್ಕದ ಮಾವ ಒಬ್ಬರು ಸ್ಪ್ರೇಯರನ್ನು ಮೇಜಿನ ಮೇಲಿಟ್ಟು, "ಇದು ಮೂರನೇ ಸ್ವಿಚ್ಚು ಮಾರಾಯ. ಹೊಸತು ಹಾಕಿದರೆ ಒಂದು ಮಳೆಗಾಲ ಸಹ ಬರುದಿಲ್ಲ. ಬೇರೆ ದಾರಿ ಇಲ್ವಾ?" ಎಂದು ಕೇಳಿದರು. ದಾರಿ ಉಂಟು: ಪಂಪಿನ ಹೊರೆಯನ್ನು ಮಾಸ್ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚಿಗೆ ಹೊರಿಸುವುದು. ಅವತ್ತಿನಿಂದ ಅದನ್ನೇ ಮಾಡುತ್ತಾ ಬಂದಿದ್ದೇನೆ. ಬೆಸುಗೆ ಹಾಕಲು ಬರುವ ಯಾರು ಬೇಕಾದರೂ ಮನೆಯಲ್ಲಿ ಮಾಡಬಹುದಾದ ಕೆಲಸವಾದ್ದರಿಂದ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ರೋಗ ಏನೆಂದು ನೋಡಿ. ಮಾವನ ಆ ಸ್ವಿಚ್ಚನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಬಿಡಿಸಿದೆ. ಒಳಗೆ ಹಿತ್ತಾಳೆಯ ಪುಟ್ಟ ತೊಟ್ಟಿಲಿನಂಥ ತಗಡು, ಅದರ ತುದಿಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಕಾಂಟ್ಯಾಕ್ಟ್ ಬಿಂದು. ಬಿಂದುವಿನ ನಡುವೆ ಗುಳಿ ಬಿದ್ದಿತ್ತು, ಸುತ್ತ ಮಸಿ, ತಗಡಿನ ಅಂಚಿಗೆ ಹಸಿರು ಕಿಲುಬು. ಪ್ಲಾಸ್ಟಿಕ್ಕು ಒಂದು ಮೂಲೆಯಲ್ಲಿ ಕರಗಿ ವಾಲಿತ್ತು. ಮಸಿ ಮತ್ತು ಗುಳಿ ಕಿಡಿಯಿಂದ ಆದದ್ದು. ಕಿಲುಬು ಬಳ್ಳಿಗೆ ಬಿಡುವ ಮದ್ದಾದ ಬೋರ್ಡೋ ದ್ರಾವಣದ ಮೈಲುತುತ್ತು ಒಳಗೆ ಇಳಿದು ಆದದ್ದು.

ಸ್ವಿಚ್ಚಿನ ಮೈಮೇಲೆ 6 ಆಂಪಿಯರ್, 250 ವೋಲ್ಟ್ ಎಂದು ಬರೆದಿರುತ್ತದೆ. ಪಂಪು ಎಳೆಯುವುದು 3 ಆಂಪಿಯರ್ ಆಸುಪಾಸು, 12 ವೋಲ್ಟು. ಹಾಗಾದರೆ ಯಾಕೆ ಸುಡಬೇಕು? ಆ ಅಂಕಿ ಮನೆಯ ಎಸಿ ಕರೆಂಟಿಗೆ ಬರೆದದ್ದು. 50 ಹರ್ಟ್ಸಿನ ಎಸಿ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ, ಆಗ ಕಿಡಿ ತಾನಾಗಿ ಆರುತ್ತದೆ. ಬ್ಯಾಟರಿಯ ಡಿಸಿಗೆ ಸೊನ್ನೆ ಎಂಬುದೇ ಇಲ್ಲ. ಜತೆಗೆ ಮೋಟಾರಿನ ಕಾಯಿಲ್ ತನ್ನಲ್ಲಿ ಹರಿಯುತ್ತಿದ್ದ ಕರೆಂಟನ್ನು ಒಮ್ಮೆಲೇ ಬಿಡುವುದಿಲ್ಲ, ಸ್ವಿಚ್ಚು ಬಿಡಿಸಿಕೊಳ್ಳುವ ಕ್ಷಣದಲ್ಲಿ ವೋಲ್ಟೇಜನ್ನು ಎತ್ತರಕ್ಕೆ ಒಯ್ದು ಕಿಡಿಯನ್ನು ಎಳೆಯುತ್ತದೆ. ಆನ್ ಮಾಡುವಾಗ ಮತ್ತೊಂದು ಕಷ್ಟ: ನಿಂತ ಮೋಟಾರು ಹೊರಡುವಾಗ ಓಡುವಾಗಿನದಕ್ಕಿಂತ ಹಲವು ಪಟ್ಟು ಹೆಚ್ಚು ಕರೆಂಟು ಎಳೆಯುತ್ತದೆ.

ಸ್ವಿಚ್ಚು ಹೋಗುತ್ತಾ ಬಂದಿದೆಯೇ ಎಂದು ತಿಳಿಯಲು ಬಿಡಿಸಬೇಕೆಂದಿಲ್ಲ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಪಂಪು ಓಡುತ್ತಿರುವಾಗಲೇ ಸ್ವಿಚ್ಚಿನ ಎರಡು ಕಾಲುಗಳ ನಡುವೆ ಅಳೆಯಿರಿ. ಹೊಸ ಸ್ವಿಚ್ಚಿನಲ್ಲಿ ಬಹುತೇಕ ಸೊನ್ನೆ ಬರುತ್ತದೆ. ಮಾವನದರಲ್ಲಿ 0.9 ವೋಲ್ಟು ಬಂತು. 3 ಆಂಪಿಯರಿಗೆ ಅದು 2.7 ವ್ಯಾಟ್, ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ ಡಬ್ಬಿಯೊಳಗೆ ಅಷ್ಟೂ ಬಿಸಿ. ಕರಗದೆ ಇನ್ನೇನಾಗುತ್ತದೆ?

ಮಾಸ್ಫೆಟ್ ಎಂಬುದು ಮೂರು ಕಾಲಿನ ಎಲೆಕ್ಟ್ರಾನಿಕ್ ಸ್ವಿಚ್ಚು. ಗೇಟ್ ಎಂಬ ಕಾಲಿಗೆ ವೋಲ್ಟೇಜು ಕೊಟ್ಟರೆ ಡ್ರೈನ್ ಮತ್ತು ಸೋರ್ಸ್ ನಡುವೆ ದಾರಿ ತೆರೆಯುತ್ತದೆ. ಒಳಗೆ ಅಲುಗಾಡುವ ತಗಡಿಲ್ಲ, ಕಿಡಿ ಇಲ್ಲ. ನಿಮ್ಮ ಹಳೆಯ ಸ್ವಿಚ್ಚು ಇದ್ದಲ್ಲೇ ಇರುತ್ತದೆ, ಆದರೆ ಅದು ಇನ್ನು ಮೇಲೆ ಹೊರೆ ಹೊರುವುದಿಲ್ಲ, ಗೇಟಿಗೆ ಸುದ್ದಿ ಮುಟ್ಟಿಸುತ್ತದೆ ಅಷ್ಟೆ. 12 ವೋಲ್ಟಿನ ಸ್ಪ್ರೇಯರಿಗೆ ಐಆರ್‌ಎಫ್‌ಝಡ್44ಎನ್ ಧಾರಾಳ ಸಾಕು. 55 ವೋಲ್ಟು ತಡೆಯುತ್ತದೆ, ಪೂರ್ತಿ ತೆರೆದಾಗ ಅದರ ತಡೆ 17.5 ಮಿಲಿಓಮ್. 3 ಆಂಪಿಯರಿಗೆ ಲೆಕ್ಕ ಹಾಕಿದರೆ 0.16 ವ್ಯಾಟ್ ಬಿಸಿ. ಕೈಯಿಟ್ಟರೆ ಗೊತ್ತೂ ಆಗದು.

ಬೇಕಾದ ಸಾಮಾನು: ಆ ಮಾಸ್ಫೆಟ್ ಒಂದು, 1ಎನ್5408 ಡಯೋಡು ಒಂದು, 220 ಓಮಿನ ಮತ್ತು 1 ಕಿಲೋಓಮಿನ ಕಾಲು ವ್ಯಾಟ್ ರೆಸಿಸ್ಟರು ಒಂದೊಂದು, ಕಾರಿಗೆ ಹಾಕುವ 7.5 ಆಂಪಿಯರಿನ ಬ್ಲೇಡ್ ಫ್ಯೂಸು ಹೋಲ್ಡರ್ ಸಮೇತ, ಬಿಸಿ ತಾಗಿದರೆ ಕುಗ್ಗಿ ಬಿಗಿಯುವ ಶ್ರಿಂಕ್ ಟ್ಯೂಬು. ನಾನು ಮಂಗಳೂರಿಗೆ ಹೋದಾಗ ಒಟ್ಟಿಗೆ ತಂದಿಡುತ್ತೇನೆ, ಫ್ಯೂಸು ಮಾತ್ರ ಇಲ್ಲೇ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುತ್ತದೆ.

ಬ್ಯಾಟರಿಯನ್ನು ಕಳಚಿಟ್ಟು ಶುರು ಮಾಡಿ. ಬ್ಯಾಟರಿಯ ಪ್ಲಸ್ಸಿನಿಂದ ಹೊರಟ ಕೂಡಲೇ ಫ್ಯೂಸು ಬರಬೇಕು, ನಡುವೆ ಬೇರೇನೂ ಬೇಡ. ಫ್ಯೂಸಿನಿಂದ ನೇರವಾಗಿ ಮೋಟಾರಿನ ಪ್ಲಸ್ಸಿಗೆ ದಪ್ಪ ವೈರು. ಮೋಟಾರಿನ ಮೈನಸ್ಸಿನಿಂದ ಮಾಸ್ಫೆಟ್ಟಿನ ಡ್ರೈನಿಗೆ. ಸೋರ್ಸಿನಿಂದ ಬ್ಯಾಟರಿಯ ಮೈನಸ್ಸಿಗೆ. ಅಕ್ಷರ ಬರೆದ ಮುಖ ನಿಮ್ಮ ಕಡೆಗಿದ್ದು ಕಾಲುಗಳು ಕೆಳಗಿದ್ದರೆ ಎಡದಿಂದ ಗೇಟ್, ಡ್ರೈನ್, ಸೋರ್ಸ್. ಬೆನ್ನಿನ ಲೋಹದ ತಗಡೂ ಡ್ರೈನೇ, ಅದು ಇನ್ನೆಲ್ಲಿಗೂ ತಾಗಬಾರದು.

ಇನ್ನು ಸಣ್ಣ ವೈರಿನ ಕೆಲಸ. ಫ್ಯೂಸಿನ ಆಚೆಯಿಂದ ಒಂದು ವೈರು ಹಳೆಯ ಸ್ವಿಚ್ಚಿಗೆ, ಅಲ್ಲಿಂದ 220 ಓಮಿನ ಮೂಲಕ ಗೇಟಿಗೆ. ಗೇಟಿನಿಂದ ಸೋರ್ಸಿಗೆ 1 ಕಿಲೋಓಮ್. ಇದನ್ನು ಮರೆತರೆ ಸ್ವಿಚ್ಚು ಆಫ್ ಮಾಡಿದ ಮೇಲೂ ಗೇಟಿನಲ್ಲಿ ಚಾರ್ಜು ನಿಂತು ಪಂಪು ಓಡುತ್ತಲೇ ಇರುತ್ತದೆ. ಸಾಮಾನ್ಯವಾಗಿ ಈ ಜಾಗಕ್ಕೆ 10 ಕಿಲೋಓಮ್ ಹಾಕುವುದು ರೂಢಿ. ಒಣ ಊರಿಗೆ ಅದು ಸರಿ. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಸ್ವಿಚ್ಚಿನೊಳಗೆ ಒದ್ದೆ ಇದ್ದೇ ಇರುತ್ತದೆ, ಬೋರ್ಡೋ ನೀರು ಕರೆಂಟನ್ನು ಸಲೀಸಾಗಿ ಹರಿಸುತ್ತದೆ. ಆ ಒದ್ದೆಯ ದಾರಿ 20 ಕಿಲೋಓಮ್ ಆಯಿತೆನ್ನಿ, 10 ಕಿಲೋಓಮ್ ಹಾಕಿದ್ದರೆ ಸ್ವಿಚ್ಚು ಆಫ್ ಇದ್ದರೂ ಗೇಟಿಗೆ 4 ವೋಲ್ಟು ಬರುತ್ತದೆ. ಮಾಸ್ಫೆಟ್ಟು ಅರ್ಧ ತೆರೆದು ನಿಂತು ತಾನೇ ಬೆಂದುಹೋಗುತ್ತದೆ. 1 ಕಿಲೋಓಮಿಗೆ ಅದು ಸುಮಾರು 0.6 ವೋಲ್ಟು ಮಾತ್ರ. ಅಲ್ಲದೆ ಆನ್ ಇರುವಾಗ ಸ್ವಿಚ್ಚಿನಲ್ಲಿ ಸುಮಾರು 10 ಮಿಲಿಆಂಪಿಯರ್ ಹರಿಯುವುದರಿಂದ ಕಾಂಟ್ಯಾಕ್ಟಿಗೆ ಪೊರೆ ಕಟ್ಟುವುದೂ ಕಡಿಮೆ. ಇದೊಂದು ಬದಲಾವಣೆ ನಮ್ಮ ತೋಟಗಳಿಗೆ ತೀರಾ ಅಗತ್ಯ, ಬಿಡಬೇಡಿ.

ಪಂಪಿನ ತಲೆಯಲ್ಲಿ ಇನ್ನೊಂದು ಪುಟ್ಟ ಸ್ವಿಚ್ಚು ಉಂಟು, ಒತ್ತಡದ್ದು. ಲ್ಯಾನ್ಸಿನ, ಅಂದರೆ ಮದ್ದು ಚಿಮ್ಮುವ ಕೋಲಿನ, ಹಿಡಿ ಬಿಟ್ಟಾಗ ಒತ್ತಡ ಏರಿ ಮೋಟಾರನ್ನು ನಿಲ್ಲಿಸುವುದು ಅದೇ. ಗಿಡದಿಂದ ಗಿಡಕ್ಕೆ ಹೋಗುವಾಗ ಹಿಡಿ ಬಿಡುತ್ತಾ ಒತ್ತುತ್ತಾ ಇರುತ್ತೀರಿ, ಹಾಗಾಗಿ ದಿನಕ್ಕೆ ನೂರಾರು ಸಲ ಕಿಡಿ ತಿನ್ನುವುದು ಅದು. ಅದರ ವೈರುಗಳು ಹೊರಗೆ ಕಾಣುವಂತಿದ್ದರೆ ಅದನ್ನೂ ಮೋಟಾರಿನ ದಾರಿಯಿಂದ ಬಿಡಿಸಿ ಗೇಟಿನ ದಾರಿಯಲ್ಲಿ, ಹಳೆಯ ಸ್ವಿಚ್ಚಿನ ಬೆನ್ನಿಗೆ ಸರಣಿಯಾಗಿ ಸೇರಿಸಿ. ಆಗ ಎರಡು ಸ್ವಿಚ್ಚೂ ಸುದ್ದಿ ಮುಟ್ಟಿಸುವವು ಮಾತ್ರ.

ಡಯೋಡಿನ ವಿಷಯ ಸ್ವಲ್ಪ ನಿಂತು ಓದಿ. ಬೆಳ್ಳಿ ಗೆರೆ ಇರುವ ತುದಿ ಮೋಟಾರಿನ ಪ್ಲಸ್ಸಿಗೆ, ಇನ್ನೊಂದು ತುದಿ ಮೈನಸ್ಸಿಗೆ, ಮೋಟಾರಿನ ಟರ್ಮಿನಲ್ಲುಗಳ ಮೇಲೆಯೇ ಬೆಸುಗೆ. ನಾನು ಮೊದಮೊದಲು ಹಾಕಿದ ಒಂದರಲ್ಲಿ ಡಯೋಡು ಬಿಟ್ಟಿದ್ದೆ, ತೋಟದವರು ಅವಸರ ಮಾಡುತ್ತಿದ್ದರು. ಮೂರನೇ ವಾರದಲ್ಲಿ ಕಾಯಿಲಿನ ಹೊಡೆತ ತಿಂದು ಮಾಸ್ಫೆಟ್ಟು ಶಾರ್ಟ್ ಆಯಿತು. ಅವರು ಸಂಜೆ ಸ್ವಿಚ್ಚು ಆಫ್ ಮಾಡಿ ಕೊಟ್ಟಿಗೆಯಲ್ಲಿಟ್ಟಿದ್ದಾರೆ. ಅದರಲ್ಲಿ ಇನ್ನೂ ಮೋಟಾರಿನ ದಾರಿಯಲ್ಲೇ ಇದ್ದ ಒತ್ತಡದ ಸ್ವಿಚ್ಚು ತಡೆದದ್ದರಿಂದ ಪಂಪು ನಿಂತಂತೆ ಕಂಡಿದೆ. ಪೈಪು ಎಲ್ಲೋ ಜಿನುಗಿ ಒತ್ತಡ ಇಳಿದಾಗಲೆಲ್ಲ ಇರುಳಿಡೀ ಗುರ್ ಗುರ್ ಎಂದು ಓಡಿದೆ. ಬೆಳಿಗ್ಗೆ ಬ್ಯಾಟರಿ ಪೂರ್ತಿ ಬರಿದು. ಲೆಡ್ ಆಸಿಡ್ ಬ್ಯಾಟರಿ ಹಾಗೆ ಬರಿದಾಗಿ ನಿಂತರೆ ಮತ್ತೆ ಚೇತರಿಸುವುದು ಕಷ್ಟ. ಹೊಸ ಬ್ಯಾಟರಿಯನ್ನು ನನ್ನ ಕೈಯಿಂದಲೇ ಹಾಕಿಕೊಟ್ಟೆ, ಅದು ನ್ಯಾಯವೂ ಹೌದು.

ಅಲ್ಲಿ ಕಲಿತದ್ದು ಇದು. ಮೆಕ್ಯಾನಿಕಲ್ ಸ್ವಿಚ್ಚು ಕೆಟ್ಟರೆ ಸಾಮಾನ್ಯವಾಗಿ ಆನ್ ಆಗುವುದಿಲ್ಲ. ಮಾಸ್ಫೆಟ್ಟು ಕೆಟ್ಟರೆ ಸಾಮಾನ್ಯವಾಗಿ ಆಫ್ ಆಗುವುದಿಲ್ಲ. ಆದ್ದರಿಂದ ಮಾಸ್ಫೆಟ್ಟು ಹಾಕಿದಲ್ಲಿ ಕೈಯಿಂದ ಬಿಡಿಸಬಹುದಾದ ಒಂದು ನಿಜವಾದ ಬೇರ್ಪಡೆ ಇರಲೇಬೇಕು. ನಾನು ಬ್ಯಾಟರಿಯ ವೈರಿಗೆ ಎಳೆದರೆ ಬಿಡುವ ಕನೆಕ್ಟರ್ ಹಾಕುತ್ತೇನೆ. ಅದನ್ನು ಓಡುತ್ತಿರುವಾಗ ಎಳೆಯಬಾರದು, ಕೆಲಸ ಮುಗಿದ ಮೇಲೆ ಎಳೆಯಬೇಕು. ಕನೆಕ್ಟರ್ ತಿರುಗಾಮುರುಗಾ ಸೇರದ ಜಾತಿಯದ್ದಾಗಿರಲಿ: ಬ್ಯಾಟರಿ ಉಲ್ಟಾ ಆದರೆ ಡಯೋಡು ಮತ್ತು ಮಾಸ್ಫೆಟ್ಟಿನ ಒಳಗಿನ ಡಯೋಡು ಎರಡೂ ದಾರಿ ಬಿಟ್ಟು ನೇರ ಶಾರ್ಟ್ ಆಗುತ್ತದೆ. ಆಗ ಉಳಿಸುವುದು ಫ್ಯೂಸು ಒಂದೇ.

ಮೆಕ್ಯಾನಿಕಲ್ ಸ್ವಿಚ್ಚು ಕೆಲವೊಮ್ಮೆ ಆನ್ ಆಗಿಯೇ ಅಂಟಿಕೊಳ್ಳುವುದೂ ಉಂಟು. ಕಳೆದ ವರ್ಷ ಗಲ್ಫಿನಿಂದ ರಜೆಗೆ ಬಂದ ಹುಡುಗನೊಬ್ಬ ಹಿತ್ತಾಳೆಯ ಕೊಳವೆಯಂಥ ವೇಪ್ (ಇ-ಸಿಗರೇಟು) ತಂದು, "ಅಣ್ಣ, ಬಟನ್ ಹಿಡಿದುಕೊಳ್ತದೆ, ಒಮ್ಮೆ ಸರಿ ಮಾಡಿ ಕೊಡಿ" ಎಂದ. ನಮ್ಮ ದೇಶದಲ್ಲಿ 2019ರ ಕಾನೂನು ಇ-ಸಿಗರೇಟಿನ ತಯಾರಿ, ಆಮದು, ಮಾರಾಟ, ದಾಸ್ತಾನು ಎಲ್ಲವನ್ನೂ ನಿಷೇಧಿಸಿದೆ, ನಾನು ಮುಟ್ಟುವುದಿಲ್ಲ ಎಂದು ಹೇಳಿದೆ. ಆದರೆ ಅಪಾಯ ಏನೆಂದು ಕೂರಿಸಿ ಹೇಳಿದೆ. ಅದರಲ್ಲಿ ನಿಯಂತ್ರಿಸುವ ಎಲೆಕ್ಟ್ರಾನಿಕ್ ಚಿಪ್ಪಿಲ್ಲ, ಫ್ಯೂಸಿಲ್ಲ, ಬಟನ್ ಒತ್ತಿದರೆ ಲಿಥಿಯಂ ಸೆಲ್ಲು ನೇರವಾಗಿ ಕಾಯಿಲಿಗೆ ತಾಗುತ್ತದೆ. ಕಾಯಿಲ್ 0.2 ಓಮಿನದ್ದಾದರೆ ತುಂಬಿದ ಸೆಲ್ಲಿನಿಂದ 21 ಆಂಪಿಯರ್. ಬಟನ್ನಿನ ಕಾಂಟ್ಯಾಕ್ಟು ಸುಟ್ಟು ಅಂಟಿಕೊಂಡು ಕಿಸೆಯಲ್ಲಿ ಆನ್ ಆಗಿಯೇ ಉಳಿದರೆ ತಡೆಯುವವರು ಯಾರೂ ಇಲ್ಲ, ಸೆಲ್ಲು ಬಿಸಿಯಾಗಿ ಸಿಡಿಯಬಹುದು. ಮಾಸ್ಫೆಟ್ಟೂ ಚಿಪ್ಪೂ ಇರುವ ಜಾತಿಯದ್ದರಲ್ಲಿ ಶಾರ್ಟ್ ಇದ್ದರೆ, ಬಟನ್ ಹೆಚ್ಚು ಹೊತ್ತು ಒತ್ತಿದರೆ ತಾನಾಗಿ ನಿಲ್ಲುವ ಏರ್ಪಾಡು ಸಾಮಾನ್ಯವಾಗಿ ಇರುತ್ತದೆ. ಅವನು ಅಲ್ಲೇ ಸೆಲ್ಲು ಬಿಚ್ಚಿ ಬೇರೆ ಇಟ್ಟುಕೊಂಡ. ನನಗೆ ಅಷ್ಟೇ ಸಮಾಧಾನ.

ಒಂಟಿ ಲಿಥಿಯಂ ಸೆಲ್ಲಿನ ಟಾರ್ಚಿಗೆ ಇದೇ ಕೆಲಸ ಮಾಡಹೊರಟರೆ ಐಆರ್‌ಎಫ್‌ಝಡ್44ಎನ್ ಆಗದು, 3.7 ವೋಲ್ಟಿಗೆ ಅದು ಸರಿಯಾಗಿ ತೆರೆಯುವುದಿಲ್ಲ. ಎಫ್ ಇದ್ದಲ್ಲಿ ಎಲ್ ಇರುವ ಐಆರ್‌ಎಲ್‌ಝಡ್44ಎನ್ ಬೇಕು. ಆದರೆ ಟಾರ್ಚಿಗೆ ನನ್ನ ಸಲಹೆ ಮೆಕ್ಯಾನಿಕಲ್ ಸ್ವಿಚ್ಚೇ ಇರಲಿ ಎಂದು. ಅಲ್ಲಿ ಮೋಟಾರಿಲ್ಲ, ಕಿಡಿ ಕಡಿಮೆ, ತಿಂಗಳುಗಟ್ಟಲೆ ಗೋಡೆಯ ಮೊಳೆಯಲ್ಲಿ ನೇತಾಡಿದರೂ ಸ್ವಿಚ್ಚಿನ ಮೂಲಕ ಸೆಲ್ಲು ಒಂದು ತೊಟ್ಟೂ ಖರ್ಚಾಗುವುದಿಲ್ಲ. ನಡುರಾತ್ರಿ ತೋಟಕ್ಕೆ ಹಂದಿ ನುಗ್ಗಿದಾಗ ಹೊತ್ತಬೇಕಾದದ್ದು ಅದು. ಮನೆಯ 230 ವೋಲ್ಟಿನ ಪಂಪಿಗೆ ಮಾತ್ರ ಇಲ್ಲಿ ಹೇಳಿದ್ದನ್ನು ಎಂದೂ ಮಾಡಬೇಡಿ.

ಎಲ್ಲ ಬೆಸುಗೆ ಆದ ಮೇಲೆ ಪಂಪನ್ನು ತಕ್ಷಣ ಜೋಡಿಸಬೇಡಿ. ಅದರ ಜಾಗದಲ್ಲಿ ಬೈಕಿನ 12 ವೋಲ್ಟಿನ 21 ವ್ಯಾಟ್ ಬಲ್ಬು ಕಟ್ಟಿ. ಸ್ವಿಚ್ಚು ಹಾಕಿದರೆ ಹೊತ್ತಬೇಕು, ತೆಗೆದರೆ ಆರಬೇಕು. ಆಮೇಲೆ ಸ್ವಿಚ್ಚು ಆನ್ ಇರುವಾಗಲೇ ಅದರ ಒಂದು ವೈರು ಕಿತ್ತು ನೋಡಿ, ಆಗಲೂ ಕೂಡಲೇ ಆರಬೇಕು. ಮಂಕಾಗಿ ಉರಿದರೆ 1 ಕಿಲೋಓಮಿನ ಬೆಸುಗೆ ಸರಿ ಕೂತಿಲ್ಲ. ಐದು ನಿಮಿಷ ಉರಿಸಿ, ಬ್ಯಾಟರಿ ಕಳಚಿ, ಮಾಸ್ಫೆಟ್ಟನ್ನು ಮುಟ್ಟಿ ನೋಡಿ. ತಣ್ಣಗಿದ್ದರೆ ಪಂಪು ಜೋಡಿಸಿ.

ಮಾಸ್ಫೆಟ್ಟಿಗೆ ಶ್ರಿಂಕ್ ಟ್ಯೂಬು ಹಾಕಿ ಬ್ಯಾಟರಿಯ ಗೂಡಿನ ಮೇಲ್ಭಾಗಕ್ಕೆ ಅಂಟಿಸಿ, ನೀರು ನಿಲ್ಲುವ ತಳಕ್ಕಲ್ಲ. ಸಿಲಿಕೋನ್ ಬಳಿಯುವುದಾದರೆ ವಿನೆಗರಿನ ವಾಸನೆ ಬರುವುದು ಬೇಡ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಎಂದು ಬರೆದದ್ದನ್ನೇ ಕೇಳಿ ತನ್ನಿ. ಮದ್ದು ಬಿಟ್ಟಾದ ದಿನ ಟ್ಯಾಂಕಿಗೆ ಶುದ್ಧ ನೀರು ಹಾಕಿ ಐದು ನಿಮಿಷ ಓಡಿಸಿ, ಕನೆಕ್ಟರ್ ಎಳೆದು, ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿಡಿ. ಪಳ್ಳತ್ತಡ್ಕದ ಮಾವನ ಸ್ಪ್ರೇಯರು ಎರಡು ಮಳೆಗಾಲ ಕಳೆದು ಮೊನ್ನೆ ಬಂದಿತ್ತು, ನಾಝಲ್ ಬದಲಿಸಲು.